ಸೋಮಾರಿ ನದಿಯಲ್ಲಿ ಕಳೆದುಹೋದವಳು

ನನ್ನ ಹೆಸರು ಜಯಲತಾ. ಅಪ್ಪ ಒಳ್ಳೆಯ ಉದ್ದೇಶದಿಂದಲೇ ಇಟ್ಟ ಹೆಸರು. ಆದರೆ ಡೊಂಬಿವಲಿಯ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಅದನ್ನು ಯಾರೂ ಹೆಸರಾಗಿ ಬಳಸುವುದಿಲ್ಲ, ಕಾಲಿಂಗ್ ಬೆಲ್ಲಾಗಿ ಬಳಸುತ್ತಾರೆ.

"ಜಯಾ, ನನ್ನ ಕನ್ನಡಕ ಕಂಡಿಯಾ?" ಎನ್ನುತ್ತಾರೆ ಅತ್ತೆ ರತ್ನಾವತಿಯವರು. (ಅದು ಅವರ ಹಣೆಯ ಮೇಲೆಯೇ ಇರುತ್ತದೆ.) "ಜಯಾ, ಇನ್ನೊಂದು ಸಾಕ್ಸ್ ಎಲ್ಲುಂಟು ಮಾರಾಯ್ತಿ?" ಎನ್ನುತ್ತಾರೆ ನಮ್ಮವರು. (ಎರಡನ್ನೂ ಒಂದೇ ಕಾಲಿಗೆ ಹಾಕಿಕೊಂಡಿರುತ್ತಾರೆ.) ಹನ್ನೆರಡು ವರ್ಷದ ಮಗ ಸುಜನ್ "ಮಮ್ಮೀ!" ಎಂದು ಕೂಗಿ, ನಾನು ಓಡಿ ಬಂದ ಮೇಲೆ, "ಕುಛ್ ನಹೀ, ಭೂಲ್ ಗಯಾ" ಎನ್ನುತ್ತಾನೆ, ಕರೆದದ್ದೇಕೆಂದೇ ಮರೆತು. ಕಾಲೇಜಿಗೆ ಹೋಗುವ ಮಗಳು ಪ್ರಣೀತಾ ಮಾತ್ರ ಬಾಯಿಬಿಟ್ಟು ಕರೆಯುವುದಿಲ್ಲ. ಪಕ್ಕದ ಕೋಣೆಯಿಂದ ಫೋನಿನಲ್ಲಿ ಮೆಸೇಜು ಕಳಿಸುತ್ತಾಳೆ, 'ಚಹಾ' ಎಂದು.

ಒಂದು ಭಾನುವಾರ ಸುಮ್ಮನೆ ಲೆಕ್ಕ ಹಾಕಿದೆ. ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೆ ಅರವತ್ತೊಂದು ಸಲ ನನ್ನನ್ನು ಕರೆದಿದ್ದರು. ಸ್ನಾನದ ಮನೆಯಲ್ಲಿದ್ದಾಗ ಕರೆದದ್ದನ್ನು ಇದರಲ್ಲಿ ಸೇರಿಸಿಲ್ಲ. ಊಟಕ್ಕೆ ಬಡಿಸಿ, ಸೌಟು ಕೆಳಗಿಟ್ಟು, ನಾನು ಐತಿಹಾಸಿಕ ಘೋಷಣೆ ಮಾಡಿದೆ.

"ನನಗೆ ರಜೆ ಬೇಕು."

ನಮ್ಮವರು ಠಾಣೆಯ ನೌಪಾಡಾದಲ್ಲಿ ಹನ್ನೆರಡು ಮೇಜಿನ ಹೋಟೆಲು ನಡೆಸುತ್ತಾರೆ. ಊರಿಗೆಲ್ಲ ಅವರು ಕಿಟ್ಟಣ್ಣ; ರಜೆ ಎಂಬ ಶಬ್ದ ಕೇಳಿದರೆ ಅವರಿಗೆ ಯಾವ ಹುಡುಗ ಊರಿಗೆ ಹೊರಟ ಎಂಬ ಗಾಬರಿ. "ಮನೆಯಲ್ಲಿ ಇರುವವಳಿಗೆ ಎಂತದು ರಜೆ?" ಎಂದರು, ನಿಷ್ಕಪಟವಾಗಿ.

ನಾನು ಉತ್ತರಿಸಲಿಲ್ಲ. ಆಮೇಲೆ ಮೂರು ದಿನ ಯಾವುದಕ್ಕೂ ಉತ್ತರಿಸಲಿಲ್ಲ. ನಾಲ್ಕನೆಯ ದಿನ ಅವರು ಧಮಾಲ್ ನಗರಿಯ ಟಿಕೆಟುಗಳನ್ನು ಮೇಜಿನ ಮೇಲಿಟ್ಟರು. ಪನ್ವೇಲ್ ದಾಟಿದ ಮೇಲೆ ಗುಡ್ಡದ ಬುಡದಲ್ಲಿ ಆ ವರ್ಷವಷ್ಟೇ ತೆರೆದಿದ್ದ ದೊಡ್ಡ ಪಾರ್ಕು ಅದು. ಅಲ್ಲೇ ಉಳಿಯಲು ಕೋಣೆ, ಎರಡು ಹಗಲು, ಒಂದು ರಾತ್ರಿ.

"ನೋಡು, ಎರಡು ದಿನ ನೀನು ಒಂದು ಚಮಚ ಸಹ ಎತ್ತುವುದು ಬೇಡ. ಕಂಪ್ಲೀಟ್ ರೆಸ್ಟ್," ಎಂದರು. ನನ್ನ ಕಣ್ಣು ತುಂಬಿ ಬಂತು. ಒಳ್ಳೆಯ ಮನುಷ್ಯರು. ಮರುಕ್ಷಣವೇ, "ದಾರಿಗೆ ಒಂದಿಷ್ಟು ಚಪಾತಿ ಮಾಡಿಕೋ ಆಯ್ತಾ?" ಎಂದು ಸೇರಿಸಿದರು.

ಮೇ ತಿಂಗಳ ಒಂದು ಶನಿವಾರ ಬಾಡಿಗೆ ಕಾರಿನಲ್ಲಿ ಹೊರಟೆವು. ಶಿಳ್‌ಫಾಟಾದಲ್ಲಿ ಟ್ರಾಫಿಕ್ ಎಷ್ಟಿತ್ತೆಂದರೆ, ದಾರಿಯ ಚಪಾತಿ ದಾರಿ ಶುರುವಾಗುವ ಮೊದಲೇ ಮುಗಿಯಿತು. ಪಾರ್ಕಿನ ಬಾಗಿಲಲ್ಲಿ ಇಳಿದಾಗ ನಾನು ಒಂದು ದೀರ್ಘ ಉಸಿರು ಎಳೆದುಕೊಂಡೆ. ಅದನ್ನು ಬಿಡುವಷ್ಟರಲ್ಲಿ ರಜೆ ಮುಗಿದಿತ್ತು.

ಏಕೆಂದರೆ ಅಲ್ಲಿಯ ಪ್ರತಿ ಆಟದ ಬಾಗಿಲಲ್ಲೂ ಒಂದು ಬೋರ್ಡು. ಕನ್ನಡಕ, ಫೋನು, ಚಪ್ಪಲಿ, ಟೋಪಿ ಒಳಗೆ ತರಬಾರದು. ನಮ್ಮ ಮನೆಯ ನಾಲ್ವರೂ ಆ ಬೋರ್ಡನ್ನು ಓದುತ್ತಾರೆ, ಒಟ್ಟಿಗೆ ನನ್ನ ಕಡೆ ತಿರುಗುತ್ತಾರೆ. "ಜಯಾ, ಹಿಡ್ಕೊ." "ಮಮ್ಮೀ, ಪಕಡೋ." ಎಪ್ಪತ್ತೊಂದು ವರ್ಷದ ಅತ್ತೆಯವರು ರಾಟವಾಳಕ್ಕೆ ಹತ್ತುವ ಮುನ್ನ ತಮ್ಮ ಹಲ್ಲಿನ ಸೆಟ್ಟನ್ನೂ ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿತ್ತರು. ಮೇಲೆ ಅವರೆಲ್ಲ ಕಿರುಚುತ್ತಿದ್ದರೆ ಕೆಳಗೆ ನಾನು ನಾಲ್ಕು ಜೊತೆ ಚಪ್ಪಲಿ, ಮೂರು ಫೋನು ಮತ್ತು ಒಂದು ನಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದೆ. ಆ ಪಾರ್ಕಿನಲ್ಲಿ ಎಷ್ಟು ಆಟಗಳಿವೆ ಎಂದು ನನಗೆ ಗೊತ್ತಿಲ್ಲ. ಬೆಂಚುಗಳ ಬಗ್ಗೆ ಬೇಕಾದರೆ ಕೇಳಿ.

ನಮ್ಮವರಿಗೆ ಇನ್ನೊಂದು ಚಿಂತೆ. ಪಾರ್ಕಿನ ಊಟದ ಕೋಣೆಯಲ್ಲಿ ಸಾಂಬಾರನ್ನು ಒಂದು ಚಮಚ ಬಾಯಿಗಿಟ್ಟವರೇ, ನೆಂಟರ ಮನೆಯಲ್ಲಿ ಅನಾಹುತ ಕಂಡವರಂತೆ ಮುಖ ಮಾಡಿದರು.

"ಜಯಾ, ಇದರಲ್ಲಿ ಸಕ್ಕರೆ ಉಂಟು."

"ಇರಲಿ ಬಿಡಿ. ಸುಮ್ಮನೆ ಊಟ ಮಾಡಿ."

"ಸುಮ್ಮನೆ ಹೇಗೆ ಊಟ ಮಾಡುವುದು? ಒಳಗೆ ಕುಕ್ ಯಾರಂತ ನೋಡಿಕೊಂಡು ಬರ್ತೇನೆ."

"ರೀ, ಇದು ನಿಮ್ಮ ಹೋಟೆಲಲ್ಲ!"

"ಗೊತ್ತುಂಟು. ನಮ್ಮ ಹೋಟೆಲಾಗಿದ್ರೆ ಇಷ್ಟೊತ್ತಿಗೆ ಆ ಕುಕ್ಕನ್ನು ಕೆಲಸದಿಂದ ಬಿಡಿಸ್ತಿದ್ದೆ." ಎದ್ದು ಅಡುಗೆಮನೆಯ ಕಡೆ ಹೋಗಿಯೇಬಿಟ್ಟರು.

ಮಕ್ಕಳು ಒಂದು ಗಂಟೆಯ ಕ್ಯೂ ಇದ್ದ ಯಾವುದೋ ಜಾರುಬಂಡೆಯ ಕಡೆ ಓಡಿದರು. ಅತ್ತೆಯವರು ಫ್ಯಾನಿನ ಕೆಳಗಿನ ಆರಾಮ ಕುರ್ಚಿಯಲ್ಲಿ ನಿದ್ದೆಹೋದರು. ಹೀಗೆ, ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿಗೆ, ಹಗಲು ಹೊತ್ತಿನಲ್ಲಿ ಯಾರಿಗೂ ಏನೂ ಬೇಕಾಗಿರದ ಒಂದು ಗಳಿಗೆ ನನ್ನ ಪಾಲಿಗೆ ಬಂತು. ಎದುರಿಗೇ ಒಂದು ಬೋರ್ಡು: ಲೇಜಿ ರಿವರ್.

ಸೋಮಾರಿ ನದಿ! ನನ್ನ ಅಮ್ಮ ಬೈಯಲು ಬಳಸುತ್ತಿದ್ದ ಮಾತನ್ನು ಇಲ್ಲಿ ದೀಪ ಹಚ್ಚಿ ಬರೆದಿದ್ದಾರೆ. ಹೂವಿನ ಚಿತ್ರದ ನೈಲಾನ್ ಈಜುಡುಗೆಯೊಂದನ್ನು ಬಾಡಿಗೆಗೆ ಪಡೆದೆ. ನನ್ನ ಫೋನೂ ಸೇರಿ ಇಡೀ ಸಂಸಾರವನ್ನೇ ತುಂಬಿಕೊಂಡಿದ್ದ ನನ್ನ ಚೀಲವನ್ನು ಲಾಕರಿನಲ್ಲಿಟ್ಟು ಬೀಗ ಹಾಕಿದೆ. ಆ ಬೀಗದ 'ಟಕ್' ಎಂಬ ಸದ್ದು ಎಷ್ಟು ಹಿತವಾಗಿತ್ತೆಂದರೆ, ತೆಗೆದು ಇನ್ನೊಮ್ಮೆ ಹಾಕಿದೆ.

ಅದು ಪಾರ್ಕಿನ ಸುತ್ತ ಹರಿಯುವ ಸಿಮೆಂಟಿನ ಕಾಲುವೆ. ಸೊಂಟದಷ್ಟು ನೀರು, ಮೆಲ್ಲನೆಯ ಸೆಳೆತ. ಹಳದಿ ಟ್ಯೂಬಿನ ನಡುವೆ ಕೂತರೆ ಸಾಕು, ನದಿಯೇ ಕರೆದೊಯ್ಯುತ್ತದೆ. ಒಂದು ಸುತ್ತಿಗೆ ಹನ್ನೆರಡು ನಿಮಿಷ. ಒಂದೇ ಸುತ್ತು ಎಂದುಕೊಂಡು ಕೂತೆ. ಕಾಲು ಚಾಚಿದೆ. ಆಕಾಶ ನೋಡಿದೆ. ಆಕಾಶಕ್ಕೆ ನನ್ನಿಂದ ಏನೂ ಬೇಕಾಗಿರಲಿಲ್ಲ.

ಎರಡನೆಯ ಸುತ್ತಿನಲ್ಲಿ ಕಂಬದ ಮೇಲಿನ ಸ್ಪೀಕರ್ ಗೊರಗೊರ ಎಂದಿತು. "ಜಯಲತಾ ಜೀ, ಆಪ್ ಜಹಾಂ ಭೀ ಹೈ, ಬಚ್ಚೋಂ ಕೇ ಹೆಲ್ಪ್ ಸೆಂಟರ್ ಪರ್ ಆಯಿಯೇ." ಎಲ್ಲಿದ್ದರೂ ಮಕ್ಕಳ ಹೆಲ್ಪ್ ಸೆಂಟರಿಗೆ ಬರಬೇಕಂತೆ.

ಪ್ರಿಯ ಓದುಗರೇ, ಸುಳ್ಳು ಹೇಳುವುದಿಲ್ಲ. ನನಗೆ ಸ್ಪಷ್ಟವಾಗಿ ಕೇಳಿಸಿತು. ಆದರೆ ಕೋಣೆಯ ಕೀಲಿ ನನ್ನ ಚೀಲದಲ್ಲಿತ್ತು. ಅದಕ್ಕೇ ಕರೆಯುತ್ತಿದ್ದಾರೆ ಎಂದುಕೊಂಡೆ. ಹನ್ನೆರಡು ನಿಮಿಷ ಕೀಲಿಯಿಲ್ಲದೆ ಯಾರೂ ಸಾಯುವುದಿಲ್ಲ. ಇನ್ನೊಂದು ಸುತ್ತು ಹೊರಟೆ.

ಸ್ಪೀಕರ್ ಮತ್ತೆ ಕೂಗಿತು. ಈ ಸಲ ವಿವರಗಳೂ ಇದ್ದವು: ಕಳೆದುಹೋದ ಮಹಿಳೆ ಹಸಿರು ಸೀರೆ ಉಟ್ಟಿದ್ದಾರೆ. ನಾನು ಬೆಳಿಗ್ಗೆ ಹಾಕಿಕೊಂಡು ಬಂದದ್ದು ಮರೂನ್ ಚೂಡಿದಾರ. ನನ್ನ ಮುಂದೆಯೇ ಮೂರು ಗಂಟೆ ಕಾರಿನಲ್ಲಿ ಕೂತು ಬಂದ ಗಂಡನಿಗೆ ಅದು ಗೊತ್ತಿಲ್ಲವೆಂದರೆ, ಕಾನೂನಿನ ಪ್ರಕಾರ ಕಳೆದುಹೋದವಳು ನಾನಲ್ಲ. ಮೂರನೆಯ ಸಲ ವಯಸ್ಸನ್ನೂ ಹೇಳಿದರು. ಐವತ್ತು! ನನಗೆ ನಲವತ್ಮೂರು. ಇನ್ನಂತೂ ಸಂಶಯವೇ ಉಳಿಯಲಿಲ್ಲ; ಪಾಪ, ಆ ಐವತ್ತರ ಹಸಿರು ಸೀರೆಯ ಹೆಂಗಸು ಬೇಗ ಸಿಗಲಪ್ಪ ಎಂದು ಹಾರೈಸಿ ಕಣ್ಣು ಮುಚ್ಚಿದೆ.

ನಾಲ್ಕನೆಯ ಸಲ ಸ್ಪೀಕರಿನಲ್ಲಿ ಬಂದದ್ದು ನಮ್ಮವರ ಧ್ವನಿ. ಕನ್ನಡದಲ್ಲಿ.

"ಜಯಾ... ಎಲ್ಲಿದ್ದೀ ಮಾರಾಯ್ತಿ? ಅಡುಗೆಮನೆಗೆ ಹೋದದ್ದು ನನ್ನದೇ ತಪ್ಪು. ಅಂದು ರಜೆಯ ವಿಷಯಕ್ಕೆ ಹಾಗೆ ಹೇಳಿದ್ದೂ ತಪ್ಪು. ಸಿಟ್ಟು ಮಾಡಿಕೊಂಡು ಎಲ್ಲಿಗೂ ಹೋಗಬೇಡ. ಅಮ್ಮ ಅಳ್ತಾ ಇದ್ದಾರೆ. ಎಲ್ಲ ಕಡೆ ನೋಡಿದೆ, ನೀನು ಒಂದು ಬೆಂಚಿನಲ್ಲೂ ಇಲ್ಲ..."

ಹದಿನೆಂಟು ವರ್ಷಗಳಲ್ಲಿ ಆ ಧ್ವನಿ ಒಡೆದದ್ದನ್ನು ನಾನು ಕೇಳಿರಲಿಲ್ಲ. 'ಬಂದೆ!' ಎಂದು ಎದ್ದೆ.

ಎದ್ದೆ ಎಂದುಕೊಂಡೆ. ಟ್ಯೂಬು ನನ್ನನ್ನು ಬಿಡಲಿಲ್ಲ. ಒಂದು ಗಂಟೆ ನೆನೆದ ನೈಲಾನಿಗೂ ರಬ್ಬರಿಗೂ ಅದೇನು ನಂಟು ಬೆಳೆದಿತ್ತೋ, ನಾನು ಕೈಕಾಲು ಬಡಿದಷ್ಟೂ ಒಳಕ್ಕೆ ಇಳಿದೆ. ಅಷ್ಟರಲ್ಲಿ ಇಳಿಯುವ ಮೆಟ್ಟಿಲು ಬಂತು, ಹೋಯಿತು. ಇಡೀ ನದಿಗೆ ಅದೊಂದೇ ಮೆಟ್ಟಿಲು. "ಭಯ್ಯಾ, ಉತಾರೋ ಮುಝೇ!" ಎಂದು ಇಳಿಸುವಂತೆ ಕೂಗಿದೆ. ಎತ್ತರದ ಕುರ್ಚಿಯ ಮೇಲಿದ್ದ ಕಾವಲಿನವನು ಸೀಟಿ ಊದಿ, "ಆಂಟಿ, ರಿಲ್ಯಾಕ್ಸ್! ಅಗಲೇ ರೌಂಡ್ ಮೇ!" ಎಂದ; ಇನ್ನು ಮುಂದಿನ ಸುತ್ತಿಗೇ. ಪಶ್ಚಾತ್ತಾಪದ ಆ ಹನ್ನೆರಡು ನಿಮಿಷ ನಾನು ಆರಾಮವಾಗಿ ತೇಲುವ ಭಂಗಿಯಲ್ಲೇ ಅಳುತ್ತಾ ಪಾರ್ಕಿನ ಪ್ರದಕ್ಷಿಣೆ ಹಾಕಬೇಕಾಯಿತು.

ಮುಂದಿನ ಸುತ್ತಿನಲ್ಲಿ ಅವನೇ ನೀರಿಗಿಳಿದು ಎಳೆದು ತೆಗೆದ. ಆ ಹೂವಿನ ಉಡುಗೆಯಲ್ಲೇ, ನೀರು ಸುರಿಸುತ್ತಾ, ಮಕ್ಕಳ ಹೆಲ್ಪ್ ಸೆಂಟರಿಗೆ ಓಡಿದೆ. ಗೋಡೆಯ ತುಂಬ ಆನೆ, ಮೊಲಗಳ ಚಿತ್ರ. ಕಳೆದುಹೋಗಿ ಸಿಕ್ಕಿದ ಎರಡು ಪುಟಾಣಿಗಳು ಬಿಸ್ಕತ್ತು ತಿನ್ನುತ್ತಾ ಕೂತಿದ್ದವು. ಅವುಗಳ ನಡುವೆ ಪುಟ್ಟ ಕೆಂಪು ಕುರ್ಚಿಯಲ್ಲಿ, ಮೊಣಕಾಲು ಗದ್ದಕ್ಕೆ ತಾಗುವಂತೆ, ನಮ್ಮವರು. ನನ್ನನ್ನು ಕಂಡದ್ದೇ ಎದ್ದರು. ಕುರ್ಚಿಯೂ ಅವರ ಜೊತೆಗೇ ಎದ್ದಿತು.

"ಎಲ್ಲಿ ಹೋಗಿದ್ದಿ?" ಎಂದರು. ಕಣ್ಣು ಕೆಂಪಾಗಿತ್ತು.

"ನಾನು... ನಿಮ್ಮನ್ನೇ ಹುಡುಕುತ್ತಿದ್ದೆ," ಎಂದೆ.

"ನೀರಿನಲ್ಲಿ?"

"ಎಲ್ಲ ಕಡೆ ನೋಡಬೇಕಲ್ಲ!"

ಯಾರೂ ಅನುಮಾನಿಸಲಿಲ್ಲ. ಅತ್ತೆಯವರು ತಮ್ಮ ಸೆರಗಿನಿಂದ ನನ್ನ ತಲೆ ಒರೆಸಿದರು. ದೊಡ್ಡವಳಾದ ಮೇಲೆ ಹಾಗೆ ಯಾರೂ ನನ್ನ ತಲೆ ಒರೆಸಿರಲಿಲ್ಲ. ಪ್ರಣೀತಾ ನನ್ನ ಕೈ ಹಿಡಿದುಕೊಂಡು ನಿಂತಳು. ಅಲ್ಲಿಯ ಹುಡುಗಿ ರಿಜಿಸ್ಟರ್ ಮುಂದಿಟ್ಟು, ನನ್ನನ್ನು ಒಯ್ಯಬೇಕಾದರೆ ನಮ್ಮವರು ಸಹಿ ಮಾಡಲೇಬೇಕೆಂದಳು. 'ಮಗುವಿನ ಹೆಸರು' ಎಂಬಲ್ಲಿ ನಾನು. 'ಮಗುವಿಗೆ ಸಂಬಂಧ' ಎಂಬಲ್ಲಿ ಅವರು 'ಗಂಡ' ಎಂದು ಬರೆದರು. ಹೊರಡುವಾಗ ನನಗೂ ಒಂದು ಬಿಸ್ಕತ್ತು ಸಿಕ್ಕಿತು.

ಸಂಜೆಯವರೆಗೆ ನಾನು ರಾಣಿ. ನನ್ನ ಚೀಲ ಸುಜನನ ಹೆಗಲಿಗೆ, ಚಪ್ಪಲಿಗಳು ಅವರವರ ಕಾಲಿಗೆ. ಒಳಗೊಳಗೆ ಮಾತ್ರ ಆ ಸುಳ್ಳು ಚುಚ್ಚುತ್ತಿತ್ತು. ಕೋಣೆಗೆ ಹೋಗುವ ದಾರಿಯಲ್ಲಿ ಫೋಟೋ ಅಂಗಡಿ. ಪ್ರತಿ ಆಟದಲ್ಲೂ ಕ್ಯಾಮೆರಾ ಇರುತ್ತದಂತೆ. ತಾನಾಗಿಯೇ ತೆಗೆದ ಫೋಟೋಗಳನ್ನು ಸಂಜೆ ದೊಡ್ಡ ಪರದೆಯ ಮೇಲೆ ಒಂದೊಂದಾಗಿ ತೋರಿಸುತ್ತಾರಂತೆ. ಇದು ನನಗೆ ಯಾರೂ ಹೇಳಿರಲಿಲ್ಲ.

"ಅರೇ, ಮಮ್ಮೀ!" ಎಂದು ಸುಜನ್ ಚೀರಿದ.

ಪರದೆಯ ತುಂಬ ನಾನು. ಹಳದಿ ಟ್ಯೂಬಿನಲ್ಲಿ ಕೈಕಾಲು ಚೆಲ್ಲಿ, ಕಣ್ಣು ಮುಚ್ಚಿ, ಮುಖದ ತುಂಬ ನಗೆ. ಕೆಳಗೆ ಸಮಯ: ಮೂರು ಗಂಟೆ ನಲವತ್ತೇಳು ನಿಮಿಷ. ಮುಂದಿನ ಫೋಟೋದಲ್ಲೂ ನಾನೇ, ಮೂರು ಐವತ್ತೊಂಬತ್ತು. ಅದರ ಮುಂದಿನದರಲ್ಲೂ ನಾನೇ.

ನಮ್ಮವರು ಮೈಕಿನ ಮುಂದೆ ನಿಂತದ್ದು ನಾಲ್ಕು ಗಂಟೆಗೆ; ಅದಕ್ಕೂ ಮೊದಲೇ ಮೂರು ಸಲ ನನ್ನ ಹೆಸರು ಕೂಗಿಸಿದ್ದರು. ಅವರು ಪರದೆ ನೋಡಿದರು, ನನ್ನನ್ನು ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಕರೆದದ್ದು ಕೇಳಿಸಿತ್ತಾ?"

"ಕೇಳಿಸಿತ್ತು."

"ಎಷ್ಟನೆಯ ಸಲ?"

"ಮೊದಲನೆಯ ಸಲವೇ," ಎಂದೆ, ನೆಲ ನೋಡುತ್ತಾ. "ಇನ್ನೊಂದೇ ಸುತ್ತು ಅನ್ನಿಸಿತು ರೀ. ಯಾರೂ ಏನೂ ಕೇಳದೆ ಸುಮ್ಮನೆ ಇರುವುದು ಹೇಗಿರುತ್ತದೆಂದು ಮರೆತೇ ಹೋಗಿತ್ತು."

ಅವರು ಸಿಟ್ಟಾಗುತ್ತಾರೆಂದು ಕಾದೆ. ಅವರು ಬಾಯಿ ತೆರೆಯುವ ಮುನ್ನ ಅತ್ತೆಯವರು ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಹೋದರು.

"ಎಷ್ಟು ಚಂದ ಬಂದಿದೆ ನೋಡು ಕಿಟ್ಟಾ," ಎಂದರು. "ನಿಮ್ಮ ಮದುವೆಯ ಒಂದು ಫೋಟೋದಲ್ಲೂ ಇವಳು ಹೀಗೆ ನಗಲಿಲ್ಲ."

ನಮ್ಮವರು ತುಂಬ ಹೊತ್ತು ಆ ಫೋಟೋವನ್ನೇ ನೋಡಿದರು. ಆಮೇಲೆ, "ನಾಳೆ ಬೆಳಿಗ್ಗೆ ಪುನಃ ಹೋಗು. ಮಧ್ಯಾಹ್ನದವರೆಗೆ ಇರು. ನಾನು ಕರೆಯುವುದಿಲ್ಲ, ಯಾರನ್ನೂ ಕರೆಯಲು ಬಿಡುವುದೂ ಇಲ್ಲ," ಎಂದರು. ನಾನು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಒಬ್ಬಳೇ ನದಿಯ ದಡಕ್ಕೆ ಹೋದೆ. ಟ್ಯೂಬಿನಲ್ಲಿ ಕೂತು ಕಾಲು ಚಾಚಿದೆನೋ ಇಲ್ಲವೋ, ಹಿಂದಿನಿಂದ ಸಪ್ಪಳ. ನೋಡಿದರೆ ಮೊಣಕಾಲಿನವರೆಗಿನ ನೀಲಿ ಚಡ್ಡಿಯಲ್ಲಿ ನಮ್ಮವರು, ಅವರ ಕೈ ಹಿಡಿದು ಹೂವಿನ ನೈಲಾನಿನಲ್ಲಿ ಅತ್ತೆ, ಹಿಂದೆ ಮಕ್ಕಳಿಬ್ಬರು.

"ಕರೆಯುವುದಿಲ್ಲ ಅಂದಿರಲ್ಲ!" ಎಂದೆ.

"ಎಲ್ಲಿ ಕರೆದೆವು? ನಾವೇ ಬಂದೆವು," ಎಂದರು ನಮ್ಮವರು. "ರಾತ್ರಿಯೆಲ್ಲ ಅದೇ ಯೋಚನೆ. ಅಂಥದ್ದು ಎಂತ ಉಂಟು ಇದರಲ್ಲಿ ಅಂತ ನಾವೂ ನೋಡುವ."

"ಔರ್ ಆಪ್ ಫಿರ್ ಸೇ ಖೋ ಗಯೀ ತೋ?" ಎಂದಳು ಪ್ರಣೀತಾ, ನಾನು ಪುನಃ ಕಳೆದುಹೋದರೆ ಎಂಬ ಭಯಕ್ಕೆ. ಅವಳ ಕೈಯಲ್ಲಿ ನಾಲ್ಕು ದುಪಟ್ಟಾ ಇದ್ದವು. ಐದು ಟ್ಯೂಬುಗಳನ್ನೂ ಒಂದಕ್ಕೊಂದು ಕಟ್ಟಿದಳು. ನಾನು ಮುಂದೆ, ಅವರೆಲ್ಲ ರೈಲಿನ ಡಬ್ಬಿಗಳಂತೆ ಹಿಂದೆ.

ಅರ್ಧ ಸುತ್ತಿನವರೆಗೆ ಗಲಾಟೆಯೋ ಗಲಾಟೆ. ನೀರು ತಣ್ಣಗಿದೆ, ಬಿಸಿಲು ಬಿಸಿಯಾಗಿದೆ, ಅವನು ಒದ್ದ, ಇವಳು ಎಳೆದಳು. ಆಮೇಲೆ ಒಂದೊಂದೇ ದನಿ ಕಡಿಮೆಯಾಯಿತು. ತಿರುಗಿ ನೋಡಿದೆ. ಬೆಳಗಿನ ಐದಕ್ಕೆ ಇಡ್ಲಿ ಪಾತ್ರೆ ಇಳಿಸಲು ಹದಿನೆಂಟು ವರ್ಷ ಓಡಿದ ಮನುಷ್ಯ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅತ್ತೆಯವರ ತಲೆ ಮಗನ ಟ್ಯೂಬಿನ ಮೇಲೆ ವಾಲಿತ್ತು. ಪ್ರಣೀತಾಳ ಕಣ್ಣು ಮುಚ್ಚಿತ್ತು, ಸುಜನನ ಕಾಲು ನೀರಿನಲ್ಲಿ ಎಳೆದುಕೊಂಡು ಬರುತ್ತಿತ್ತು.

ನಾನೂ ಕಣ್ಣು ಮುಚ್ಚಿದೆ. ಧಡ್ ಎಂದು ಇಡೀ ಗಾಡಿ ಗೋಡೆಗೆ ಹೊಡೆಯಿತು. ಯಾರೂ ಏಳಲಿಲ್ಲ, ಅತ್ತೆ ಮಾತ್ರ ನಿದ್ದೆಯಲ್ಲೇ ಗೊಣಗಿದರು. ಒಬ್ಬರಾದರೂ ಎಚ್ಚರವಿದ್ದು ತಿರುವುಗಳಲ್ಲಿ ಗೋಡೆಯನ್ನು ಒದ್ದು ದೂಡದಿದ್ದರೆ ಐದೂ ಟ್ಯೂಬು ಒಂದರ ಮೇಲೊಂದು ಏರುವುದು ಖಂಡಿತ. ಆ ಒಬ್ಬರು ಯಾರೆಂದು ನಿಮಗೆ ಹೇಳಬೇಕಾಗಿಲ್ಲ.

ಎಡಗಾಲಿನಿಂದ ಒಂದು ಗೋಡೆ, ಬಲಗಾಲಿನಿಂದ ಇನ್ನೊಂದು ಗೋಡೆ ದೂಡುತ್ತಾ ಬೆವರಿದೆ. (ನೀರಿನಲ್ಲಿ ಬೆವರಿದ್ದು ಕಾಣುವುದಿಲ್ಲ.) ನಾಲ್ಕನೆಯ ಸುತ್ತು ಮುಗಿದು ಮೆಟ್ಟಿಲು ಹತ್ತಿರ ಬಂದಾಗ, ನಿನ್ನೆಯ ಕಾವಲಿನವನು ಕನಿಕರದಿಂದ ಬಗ್ಗಿ, "ಆಂಟಿ, ಉತರ್‌ನಾ ಹೈ ಕ್ಯಾ?" ಎಂದು ಕೇಳಿ, ಇಳಿಸಲು ಕೈ ಚಾಚಿದ.

ನಾನು ತುಟಿಯ ಮೇಲೆ ಬೆರಳಿಟ್ಟೆ.

"ಶ್ಶ್! ಸೋ ರಹೇ ಹೈಂ," ಎಂದು ನಿದ್ದೆಹೋದವರನ್ನು ತೋರಿಸಿ ಪಿಸುಗುಟ್ಟಿ, ಮೆಟ್ಟಿಲನ್ನು ಒದ್ದು ಗಾಡಿಯನ್ನು ಐದನೆಯ ಸುತ್ತಿಗೆ ತಿರುಗಿಸಿದೆ.