ಮೋಟಾರಿಗೆ ಎಡಗೈ ತೋರಿಸಿದ್ದು

ಪಾಠ ಹೇಳುವವರಿಗೆ ಎಲ್ಲಕ್ಕಿಂತ ಅಪಾಯದ ಜಾಗವೆಂದರೆ ತರಗತಿಯ ಹೊರಗಿರುವ ಪ್ರಪಂಚ. ಒಳಗೆ ನಾವು ಹೇಳಿದ್ದೇ ವೇದವಾಕ್ಯ; ಹೊರಗಿನ ಯಂತ್ರಗಳು ಪುಸ್ತಕ ಓದಿರುವುದಿಲ್ಲ. ಅರವತ್ತರ ದಶಕದಲ್ಲಿ ನಾನು ರಿಪ್ಪನ್‌ಪೇಟೆಯಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. ಶಾಲೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಆದರೂ ವಿದ್ಯುತ್ತು, ಆಯಸ್ಕಾಂತಗಳ ಪಾಠವನ್ನು ಒಂದು ಸೀಮೆಸುಣ್ಣ ಮತ್ತು ನನ್ನ ಎಡಗೈಯಿಂದಲೇ ಮುಗಿಸುತ್ತಿದ್ದೆ. ಎಡಗೈಯ ಮೂರು ಬೆರಳುಗಳನ್ನು ಮೂರು ದಿಕ್ಕಿಗೆ ಚಾಚಬೇಕು. ತೋರುಬೆರಳು ಕಾಂತಕ್ಷೇತ್ರದ ದಿಕ್ಕು, ನಡುಬೆರಳು ಕರೆಂಟು ಹರಿಯುವ ದಿಕ್ಕು ಎಂದಿಟ್ಟುಕೊಂಡರೆ ತಂತಿ ಹೆಬ್ಬೆರಳಿನ ಕಡೆಗೆ ಸರಿಯುತ್ತದೆ. ಮೋಟಾರು ತಿರುಗುವುದು ಹೀಗೆ. ಒಂದು ಮೋಟಾರನ್ನೂ ಕಣ್ಣಾರೆ ಕಾಣದೆ ಇದನ್ನು ಎಂಟು ವರ್ಷ ಕಲಿಸಿದ ನನ್ನ ಧೈರ್ಯವನ್ನು ನೀವು ಮೆಚ್ಚಲೇಬೇಕು.

ಆಗ ತಿಮ್ಮಪ್ಪಗೌಡರು ತಮ್ಮ ಭತ್ತದ ಮಿಲ್ಲಿನ ಆಯಿಲ್ ಎಂಜಿನ್ನನ್ನು ಕಿತ್ತುಹಾಕಿ ಕರೆಂಟಿನ ಮೋಟಾರು ತರಿಸಿದರು. "ಕರೆಂಟನ್ನ ನಂಬ್ಕಂಡು ಮಿಲ್ ನಡ್ಸಾಕಾಗ್ತದಾ?" ಎಂದು ಪೇಟೆಯೇ ನಗುತ್ತಿತ್ತು. ಅದಕ್ಕೇ ಗೌಡರು ಮಿಲ್ಲು ಶುರುಮಾಡುವ ದಿನ ಊರನ್ನೆಲ್ಲ ಸೇರಿಸಿ, ಮೋಟಾರು ಹೇಗೆ ತಿರುಗುತ್ತದೆಂದು ನಾಲ್ಕು ಮಾತು ಹೇಳಲು ನನ್ನನ್ನು ಕರೆದರು. ಅವರ ಮಿಲ್ಲು, ನನ್ನ ವಿದ್ಯೆ, ಎರಡರ ಮಾನವೂ ಒಂದೇ ಸ್ವಿಚ್ಚಿಗೆ ನೇತುಬಿದ್ದಿತ್ತು.

ಕುಂಕುಮ ಹಚ್ಚಿ ಸೇವಂತಿಗೆ ಮಾಲೆ ಹಾಕಿದ್ದ ಮೋಟಾರಿನ ಮುಂದೆ ನಿಂತು ಎಡಗೈ ಎತ್ತಿದೆ. ಗೌಡರ ತಾಯಿ ಹೌಹಾರಿದರು.

"ಒಳ್ಳೆ ಕೆಲ್ಸಕ್ಕೆ ಎಡಗೈ ತೋರಿಸ್ತೀರಲ್ಲ ಮೇಷ್ಟ್ರೇ! ಬಲಗೈಗೆ ಏನಾಗಿದೆ?"

"ಅಮ್ಮಾ, ಮೋಟಾರಿಗೆ ಎಡಗೈಯೇ ನಿಯಮ..."

"ಯಾರ್ ಮಾಡಿದ್ ನಿಯಮ? ನಮ್ಮನೇಲಿ ನಡ್ಯಲ್ಲ!"

ಹೋಳಿಗೆ ಊಟ ಇನ್ನೂ ಬಾಕಿಯಿತ್ತು. ಹಾಗಾಗಿ ವಿಜ್ಞಾನವನ್ನು ಬದಿಗಿಟ್ಟು ಬಲಗೈ ಎತ್ತಿದೆ. ಗೌಡರು ಸ್ವಿಚ್ಚು ಹಾಕಿದರು. ಮೋಟಾರು ಗುಂಯ್ ಎಂದಿತು. ಮಿಲ್ಲು ಮಾತ್ರ ಸುರಿದ ಭತ್ತವನ್ನು ಒಳಗೆ ಎಳೆದುಕೊಳ್ಳುವ ಬದಲು ಮುಂದೆ ನಿಂತಿದ್ದ ದೊಡ್ಡ ಮನುಷ್ಯರ ಮುಖಕ್ಕೆ ಉಗುಳಿತು. ಮೋಟಾರು ಉಲ್ಟಾ ತಿರುಗುತ್ತಿತ್ತು!

ಜನ ಹೋ ಎಂದು ನಕ್ಕರು. ಗೌಡರ ಮುಖ ಕಪ್ಪಿಟ್ಟಿತು. ನನಗೋ ಒಳಗೊಳಗೇ ಕುಣಿಯುವಷ್ಟು ಸಂತೋಷ. "ಬಲಗೈ ತೋರಿಸಿದರೆ ಇನ್ನೇನಾಗುತ್ತೆ? ಕೈ ಬದಲಾದರೆ ದಿಕ್ಕೂ ಬದಲಾಗುತ್ತೆ, ಪುಸ್ತಕದಲ್ಲೇ ಇದೆ" ಎಂದೆ. ಅಜ್ಜಿ ಗಲ್ಲ ಬಡಿದುಕೊಂಡು, "ತಪ್ಪಾಯ್ತು ಮೇಷ್ಟ್ರೇ, ಎಡಗೈನೇ ತೋರ್ಸಿ" ಎಂದರು. ಅಷ್ಟರಲ್ಲಿ ಸಾಗರದಿಂದ ಬಂದಿದ್ದ ಫಿಟ್ಟರ್ ಬಸಪ್ಪ ಮೇನ್ ಸ್ವಿಚ್ ಆರಿಸಿ, ಮೋಟಾರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಸ್ಕ್ರೂಡ್ರೈವರ್ ತಿರುವುತ್ತಿದ್ದುದನ್ನು ನಾನು ನೋಡಿದ್ದೆ. ಅವನು ಏಳುವವರೆಗೂ ಗಂಟಲು ಸರಿಮಾಡಿಕೊಳ್ಳುತ್ತಾ ಕಾದು, ಆಮೇಲೆ ಗಂಭೀರವಾಗಿ ಎಡಗೈ ಎತ್ತಿದೆ. ಗೌಡರು ಮತ್ತೆ ಸ್ವಿಚ್ಚು ಹಾಕಿದರು. ಭತ್ತ ಒಳಗೆ ಹೋಯಿತು, ಅಕ್ಕಿ ಹೊರಗೆ ಬಂತು. ಜನ ಚಪ್ಪಾಳೆ ಹೊಡೆದದ್ದು ನನಗೆ.

ಊಟದ ಪಂಕ್ತಿಯಲ್ಲಿ ಬಸಪ್ಪ ನನ್ನ ಪಕ್ಕವೇ ಬಂದು ಕೂತ. ಎಲ್ಲಿ ಗುಟ್ಟು ಬಿಟ್ಟುಕೊಡುತ್ತಾನೋ ಎಂದು ಅವನ ಎಲೆಗೆ ಇನ್ನೆರಡು ಹೋಳಿಗೆ ಹಾಕಿಸಿದೆ. ಅವನು ಮೆಲ್ಲಗೆ, ಬಹಳ ಮರ್ಯಾದೆಯಿಂದ ಕೇಳಿದ: "ಸಾರ್, ಮೂರು ವೈರಲ್ಲಿ ಯಾವ್ದಾದ್ರೂ ಎರಡನ್ನ ಅದಲುಬದಲು ಮಾಡಿದ್ರೆ ಮೋಟ್ರು ಉಲ್ಟಾ ತಿರುಗ್ತದೆ. ಹತ್ತು ವರ್ಷದಿಂದ ಮಾಡ್ತಾ ಇದೀನಿ. ಯಾಕೆ ಅಂತ ಯಾರೂ ಹೇಳ್ಕೊಟ್ಟಿಲ್ಲ. ನೀವು ಓದ್ದೋರು, ಸ್ವಲ್ಪ ಹೇಳ್ತೀರಾ?"

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ನನಗೂ ಗೊತ್ತಿರಲಿಲ್ಲ. ಕೊನೆಗೆ, ತರಗತಿಯಲ್ಲಿ ಇಂಥ ಸಂಕಟಕ್ಕೆಂದೇ ಇಟ್ಟುಕೊಂಡಿದ್ದ ಉತ್ತರವನ್ನೇ ಅವನಿಗೂ ಕೊಟ್ಟೆ: "ಅದು ಪರೀಕ್ಷೆಗೆ ಬರಲ್ಲ ಕಣಪ್ಪಾ."