ಅರ್ಧ ಅಂಕದ ಜ್ವರ

ಡ್ರಾಯಿಂಗ್ ಮೇಷ್ಟ್ರ ಅನ್ನಕ್ಕೆ ಕುತ್ತು ಬಂದದ್ದು ಅರ್ಧ ಅಂಕದಿಂದ.

ಮೇಲಿನ ಆಫೀಸಿನಿಂದ ಸುತ್ತೋಲೆ ಬಂದಿತ್ತು. ಐದನೇ ತರಗತಿಯ ಮಕ್ಕಳೆಲ್ಲ ಒಂದೇ ದಿನ, ಒಂದೇ ಪರೀಕ್ಷೆ ಬರೆಯಬೇಕು; ಹಾಜರಾದವರ ಸರಾಸರಿ ಐವತ್ತಕ್ಕಿಂತ ಕೆಳಗಿಳಿದರೆ ಆ ಶಾಲೆಯಲ್ಲಿ ಡ್ರಾಯಿಂಗ್ ಪೀರಿಯಡ್ಡೂ ಬಂದ್, ಮೇಷ್ಟ್ರೂ ಬಂದ್. ಅಭ್ಯಾಸ ಪರೀಕ್ಷೆಯಲ್ಲಿ ಮೂವತ್ತು ಮಕ್ಕಳ ಸರಾಸರಿ ನಲವತ್ತೊಂಬತ್ತೂವರೆ. ಅದರಲ್ಲಿ ಗುಬ್ಬಿ ಎಂದು ಎಲ್ಲರೂ ಕರೆಯುವ ಹುಡುಗಿಗೆ ಬಂದದ್ದು ಬರೀ ಒಂಬತ್ತು. ಪ್ರಶ್ನೆಪತ್ರಿಕೆಯ ಅಂಚಿನ ತುಂಬ ಬಣ್ಣದ ಪೆನ್ಸಿಲಿನಲ್ಲಿ ಗಿಳಿ ಬರೆಯುವಷ್ಟರಲ್ಲಿ ಅವಳ ಹೊತ್ತು ಮುಗಿದಿತ್ತು. ಇಡೀ ಶಾಲೆಯಲ್ಲಿ ಮೇಷ್ಟ್ರ ಪಾಠವನ್ನು ಮನಸ್ಸಿಟ್ಟು ಕಲಿತವಳು ಅವಳೊಬ್ಬಳೇ.

ಗುಬ್ಬಿ ಬರದಿದ್ದರೆ ಐವತ್ತು ದಾಟುತ್ತದೆ ಎಂದು ಹೆಡ್‌ಮೇಡಂ ಲೆಕ್ಕ ಹಾಕಿದರು. "ನಾನೇನೂ ಹೇಳ್ಲಿಲ್ಲ ಮೇಷ್ಟ್ರೇ. ಅವಳ ಮನೆ ನಿಮ್ಮ ದಾರೀಲೇ ಇದೆ, ಅಷ್ಟೇ" ಎಂದು ಕನ್ನಡಕ ಒರೆಸಿಕೊಂಡರು.

ಪರೀಕ್ಷೆಯ ಬೆಳಿಗ್ಗೆ ಮೇಷ್ಟ್ರು ಆ ಮನೆಯ ಬಾಗಿಲಲ್ಲಿ ನಿಂತಾಗ ಅಜ್ಜಿ ಗುಬ್ಬಿಗೆ ಜಡೆ ಹಾಕುತ್ತಿದ್ದರು. ಜನ್ಮದಲ್ಲಿ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮೇಷ್ಟ್ರು, ಶಾಲೆಯಲ್ಲಿ ಒಂದು ಥರದ ಜ್ವರ ಹಬ್ಬುತ್ತಿದೆ, ಮಗುವಿನ ಕಣ್ಣೂ ಯಾಕೋ ಕೆಂಪಗಿದೆ, ಇವತ್ತೊಂದು ದಿನ ಮನೆಯಲ್ಲೇ ಇರಲಿ ಎಂದು ತೊದಲಿದರು.

ಅಜ್ಜಿ ಮೊಮ್ಮಗಳ ಹಣೆ ಮುಟ್ಟಿದರು. ಆಮೇಲೆ ಬೆವರಿಳಿಯುತ್ತಿದ್ದ ಮೇಷ್ಟ್ರ ಹಣೆಯನ್ನು ನೋಡಿದರು. "ಇವಳು ತಣ್ಣಗಿದಾಳೆ. ಜ್ವರ ನಿಮಗೇ ಇರ್ಬೇಕು."

"ಮನೇಲಿ ಕೂತು ಚಿತ್ರನಾದ್ರೂ ಬರೀಲಿ ಅಜ್ಜಿ" ಎಂದು ಮೇಷ್ಟ್ರು ಬಾಯಿಬಿಟ್ಟದ್ದೇ ತಪ್ಪಾಯಿತು. ಇಬ್ಬರೂ ಸೇರಿ ಹೂಡಿದ ಆಟವಿದು ಎಂದುಕೊಂಡ ಅಜ್ಜಿ ಬಣ್ಣದ ಪೆನ್ಸಿಲಿನ ಡಬ್ಬಿ ಕಿತ್ತುಕೊಂಡು ಟ್ರಂಕಿಗೆ ಬೀಗ ಹಾಕಿ, ಗುಬ್ಬಿಯ ಕೈಹಿಡಿದು ಶಾಲೆಗೆ ಹೊರಟೇಬಿಟ್ಟರು.

ಇತ್ತ ಗೋಡೆಗೆ ಕಿವಿಯಿತ್ತು. ಪಕ್ಕದ ಮನೆಯ ಟೈಲರಮ್ಮನ ಹೊಲಿಗೆ ಯಂತ್ರ ಜ್ವರ ಎಂಬ ಮಾತಿಗೇ ನಿಂತಿತ್ತು. ಅವರ ಮಗಳು ತರಗತಿಗೇ ಮೊದಲಿಗಳು. ಟೈಲರಮ್ಮ ಮಗಳನ್ನು ಒಳಗೆ ಮಲಗಿಸಿ ಫೋನ್ ಎತ್ತಿಕೊಂಡರು. ಮೇಷ್ಟ್ರು ಬೀದಿಯ ತಿರುವು ಮುಟ್ಟುವಷ್ಟರಲ್ಲಿ ಜ್ವರಕ್ಕೆ ವಾಂತಿ ಸೇರಿತ್ತು. ಶಾಲೆಯ ಗೇಟು ತಲುಪುವಷ್ಟರಲ್ಲಿ ಮೈಮೇಲೆ ಗುಳ್ಳೆಗಳೂ ಎದ್ದಿದ್ದವು. ಹೆಡ್‌ಮೇಡಂ ಪ್ರಜ್ಞೆ ತಪ್ಪಿ ಮಲಗಿದ್ದಾರಂತೆ, ಹೌದೇ ಎಂದು ಕೇಳಲು ಬಂದ ಫೋನನ್ನು ಹೆಡ್‌ಮೇಡಂ ಅವರೇ ಎತ್ತಿದರು.

ಹತ್ತು ಗಂಟೆಗೆ ಪರೀಕ್ಷಾಧಿಕಾರಿ ಬಂದು ನೋಡಿದರೆ ಮೂವತ್ತು ಡೆಸ್ಕು, ಒಬ್ಬಳೇ ಗುಬ್ಬಿ. ಹಾಜರಾದವರ ಸರಾಸರಿ ಎಂದರೆ ಇನ್ನು ಗುಬ್ಬಿಯೇ ಸರಾಸರಿ. ಹೆಡ್‌ಮೇಡಂ ಮೇಷ್ಟ್ರನ್ನು ನೋಡಿದ ನೋಟಕ್ಕೆ ಹಸಿ ಸೌದೆಯೂ ಹೊತ್ತಿಕೊಳ್ಳುತ್ತಿತ್ತು. ಕಾವಲಿಗೆ ಕೂತ ಮೇಷ್ಟ್ರು ಎರಡು ಗಂಟೆಯ ಕಾಲ ಗೋಡೆಯ ಕಡೆ ಮುಖ ಮಾಡಿ, ಮನೆಯಲ್ಲಿ ಹೆಂಡತಿಗೆ ಏನು ಹೇಳುವುದೆಂದು ಯೋಚಿಸಿದರು. ನಿಜಕ್ಕೂ ಅಳು ಬರುವಂತಾಗಿತ್ತು.

ಉತ್ತರ ತಿದ್ದುವ ಯಂತ್ರ ಅಧಿಕಾರಿಯ ಜೊತೆಯಲ್ಲೇ ಬಂದಿತ್ತು. ಅದು ಗುಬ್ಬಿಯ ಹಾಳೆಯನ್ನು ನುಂಗಿ, ಗೊರಗುಟ್ಟಿ, ಅಂಕ ತೋರಿಸಿತು. ತೊಂಬತ್ತೆಂಟು.

ಅಧಿಕಾರಿ ಹಾಳೆಯನ್ನು ಇನ್ನೊಂದು ಸಲ ತೂರಿಸಿದರು. ಆಗಲೂ ತೊಂಬತ್ತೆಂಟೇ. ಸುತ್ತಮುತ್ತಲ ಯಾವ ಶಾಲೆಗೂ ಅಂಥ ಸರಾಸರಿ ಇರಲಿಲ್ಲ. ಹೆಡ್‌ಮೇಡಂ ಕನ್ನಡಕ ಒರೆಸಿಕೊಂಡು ಅಂಕವನ್ನು ಮತ್ತೊಮ್ಮೆ ಓದಿದರು. ಮೇಷ್ಟ್ರಿಗಂತೂ ಹೋದ ಜೀವ ಬಂದಂತಾಗಿ, ಗುಬ್ಬಿಯನ್ನು ಎತ್ತಿ ಕುಣಿಯುವುದೊಂದು ಬಾಕಿ.

"ಏನಮ್ಮಾ, ಒಂಬತ್ತರಿಂದ ತೊಂಬತ್ತೆಂಟಕ್ಕೆ ಹೇಗೆ ಬಂದೆ?" ಎಂದು ಅಧಿಕಾರಿ ಅಭ್ಯಾಸ ಪರೀಕ್ಷೆಯ ಅಂಕಪಟ್ಟಿ ನೋಡಿ ಅಕ್ಕರೆಯಿಂದ ಕೇಳಿದರು.

ಗುಬ್ಬಿ ಮೇಷ್ಟ್ರ ಕಡೆ ಮುನಿಸಿನಿಂದ ನೋಡಿದಳು. "ಮೇಷ್ಟ್ರು ಮನೆಗೆ ಬಂದಿದ್ದಕ್ಕೆ ಅಜ್ಜಿ ನನ್ನ ಬಣ್ಣದ ಪೆನ್ಸಿಲೆಲ್ಲ ಕಿತ್ಕೊಂಡ್ರು. ಗಿಳಿ ಬರೆಯಕ್ಕಾಗ್ಲಿಲ್ಲ. ಬೇಜಾರಾಗಿ ಪ್ರಶ್ನೆ ಓದ್ದೆ."

ಅಧಿಕಾರಿಯ ಮುಖ ಅರಳಿತು. ನಿಂತಲ್ಲೇ ಡೈರಿ ತೆಗೆದು ಬರೆದುಕೊಂಡರು: ಚಿತ್ರಕಲೆ ನಿಲ್ಲಿಸಿದ ಒಂದೇ ದಿನದಲ್ಲಿ ಎಂಬತ್ತೊಂಬತ್ತು ಅಂಕಗಳ ಪ್ರಗತಿ, ಈ ಶಾಲೆಯ ಮಾದರಿಯಂತೆ ಎಲ್ಲ ಶಾಲೆಗಳಲ್ಲೂ ಡ್ರಾಯಿಂಗ್ ಪೀರಿಯಡ್ಡು ನಾಳೆಯಿಂದಲೇ ರದ್ದು. ಇಂಥ ತ್ಯಾಗಕ್ಕೆ ದಾರಿ ತೋರಿದ್ದಕ್ಕೆ ಮೇಷ್ಟ್ರ ಕೈ ಹಿಡಿದು ಕುಲುಕಿದರು.

ಸಂಜೆ ಆ ಆದೇಶವನ್ನು ಶಾಲೆಯ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯಬೇಕಾಯಿತು. ಅಷ್ಟು ಅಂದವಾಗಿ ಬರೆಯಬಲ್ಲವರು ಶಾಲೆಯಲ್ಲಿ ಒಬ್ಬರೇ ಇದ್ದರು. "ಸುತ್ತ ಒಂದು ಬಳ್ಳೀನೂ ಹಾಕ್ಬಿಡಿ ಮೇಷ್ಟ್ರೇ, ನಾಲ್ಕು ಜನ ನೋಡ್ತಾರೆ" ಎಂದು ಹೆಡ್‌ಮೇಡಂ ಬಣ್ಣದ ಸೀಮೆಸುಣ್ಣ ಕೊಟ್ಟು ಹೋದರು.