ಪೋಲೆ ಅಂದರೆ ಬೈಗುಳವಲ್ಲ

ಸಾವಿನ ಮನೆಗೆ ಹೋದವರಿಗೆ ಏನು ಮಾತಾಡಬೇಕೆಂದು ತೋಚುವುದಿಲ್ಲ. ಇದು ನನಗೆ ಮೊದಲಿನಿಂದಲೂ ಗೊತ್ತು. ಅಂಥ ಮನೆಗಳಿಗೆ ಹೋಗಿ, ಚಾಪೆಯ ತುದಿಯಲ್ಲಿ ಕೂತು, ಸೂರಿನ ಹೆಂಚು ನೋಡಿಕೊಂಡು, ಎದ್ದು ಬಂದವರಲ್ಲಿ ನಾನೂ ಒಬ್ಬ. ಆದರೆ ಸಾವಿನ ಮನೆಯವನಿಗೂ ಏನು ಉತ್ತರ ಕೊಡಬೇಕೆಂದು ತೋಚುವುದಿಲ್ಲ ಎನ್ನುವುದು ಹೋದ ವರ್ಷ ನನ್ನ ಹೆಂಡತಿ ನಿಂಗಮ್ಮ ತೀರಿಕೊಂಡ ಮೇಲೆ ತಿಳಿಯಿತು. ಪಾಂಡವಪುರದ ನಮ್ಮ ಮನೆಗೆ ಬಂದವರೆಲ್ಲ ಚಪ್ಪಲಿ ಬಿಡುತ್ತಾ ಬಿಡುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಯಾವಾಸ್ಪತ್ರೆಗೆ ಆಕಿದ್ರಿ? ಸರ್ಕಾರಿಗೋ, ಪ್ರೈವೇಟಿಗೋ?"

ನಡೆದದ್ದು ಇಷ್ಟು. ಎದೆ ಹಿಡಿದುಕೊಂಡಿದೆ ಅಂದಾಗ ಮೊದಲು ಸರ್ಕಾರಿ ಆಸ್ಪತ್ರೆಗೇ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ನೋಡಿ, ಸೂಜಿ ಕೊಟ್ಟು, ತಡ ಮಾಡದೆ ಮೈಸೂರಿಗೆ ಹೊರಡಿ ಅಂದರು. ಅಲ್ಲಿನ ಒಂದು ಪ್ರೈವೇಟಿಗೆ ಸೇರಿಸೋಣ ಅಂತ ಕಾರು ಮಾಡಿಕೊಂಡು ಹೊರಟೆವು. ಬಾಬುರಾಯನಕೊಪ್ಪಲು ಬರುವ ಹೊತ್ತಿಗೆ ನನ್ನ ಭುಜದ ಮೇಲಿದ್ದ ಅವಳ ತಲೆ ಭಾರವಾಯಿತು. ಹಾಗಾಗಿ ಅವಳು ಹೋದದ್ದು ಸರ್ಕಾರಿಯಲ್ಲೂ ಅಲ್ಲ, ಪ್ರೈವೇಟಿನಲ್ಲೂ ಅಲ್ಲ. ಬಾಗಿಲಲ್ಲಿ ನಿಂತು ಕೇಳುವವರಿಗೆ ಇದನ್ನೆಲ್ಲ ಹೇಗೆ ಹೇಳುವುದು? ಸರ್ಕಾರಿಗೆ ಅಂದರೆ, "ಅಯ್ಯೋ, ಫಾರಿನ್ನಿಗೆಲ್ಲ ಓಗಿ ಬಂದೋರು, ಪ್ರೈವೇಟಿಗೆ ಆಕಕ್ಕೇನಾಗಿತ್ತು?" ಅನ್ನುತ್ತಿದ್ದರು. ಮಾರನೆಯ ದಿನ ಜಾಣನಾಗಿ ಪ್ರೈವೇಟಿಗೆ ಅಂದೆ. "ಪ್ರೈವೇಟ್ನೋರು ಏನ್ ನೋಡ್ತಾರೆ? ಮೈಸೂರ್ ದೊಡ್ಡಾಸ್ಪತ್ರೆಗೆ ಆಕಿದ್ರೆ ಉಳ್ಕೋತಿದ್ರು," ಅಂದರು. ನಿಂಗಮ್ಮನ ತವರು ಬೂಕನಕೆರೆಯಿಂದ ಬಂದ ನನ್ನ ಭಾವಮೈದ ಒಂದು ಸಂಜೆ ನನ್ನ ಎರಡೂ ಉತ್ತರ ಕೇಳಿಸಿಕೊಂಡು, "ಬಾವ, ಏನಾರ ಒಂದನ್ನೇ ಏಳಿ. ಜನ ಬೇರೆ ತರ ತಿಳ್ಕೋತಾರೆ," ಅಂತ ಕಿವಿಯಲ್ಲಿ ಹೇಳಿದ. ಅಂದಿನಿಂದ ಯಾರು ಕೇಳಿದರೂ "ಹೂಂ" ಅನ್ನತೊಡಗಿದೆ. ಸರ್ಕಾರಿಗೋ ಪ್ರೈವೇಟಿಗೋ ಅಂದರೆ ಹೂಂ. ಕೇಳಿದವರು ತಮಗೆ ಬೇಕಾದ್ದನ್ನು ತಿಳಿದುಕೊಂಡು, ನನಗೂ ತಲೆ ಕೆಟ್ಟಿದೆ ಅಂತ ಸೇರಿಸಿಕೊಂಡು ಹೋದರು.

ನಿಜಕ್ಕೂ ಆ ದಿನಗಳಲ್ಲಿ ಆಸ್ಪತ್ರೆ ಅಂದ ಕೂಡಲೇ ನನ್ನ ತಲೆ ಎಲ್ಲಿಗೋ ಹೋಗಿಬಿಡುತ್ತಿತ್ತು. ಕೇಳುವವರು ಪಾಂಡವಪುರದ ಆಸ್ಪತ್ರೆಯ ಮಾತಾಡುತ್ತಿದ್ದರೆ ನನ್ನ ಕಣ್ಣ ಮುಂದೆ ಕೀನ್ಯಾದ ಆಸ್ಪತ್ರೆ ಬಂದು ನಿಲ್ಲುತ್ತಿತ್ತು. ಆ ವಿಷಯ ಹೇಳಬೇಕಾದರೆ ನನ್ನ ಕೆಲಸದ ವಿಷಯ ಹೇಳಬೇಕು. ನಾನು ಸಕ್ಕರೆ ಕಾರ್ಖಾನೆಯವನು. ಕಬ್ಬಿನ ಪಾಕ ಕುದಿಯುವ ದೊಡ್ಡ ಪಾತ್ರೆಗೆ ನಮ್ಮಲ್ಲಿ ಪ್ಯಾನು ಅನ್ನುತ್ತೇವೆ. ಅದರ ಮುಂದೆ ನಿಂತು, ಗಾಜಿನ ಚೂರಿನ ಮೇಲೆ ಒಂದಿಷ್ಟು ಪಾಕ ತೆಗೆದು, ಬೆಳಕಿಗೆ ಹಿಡಿದು, ಹರಳು ಕಟ್ಟಿತೋ ಇಲ್ಲವೋ ಎಂದು ಹೇಳುವುದು ನನ್ನ ಉದ್ಯೋಗ. ಈ ಒಂದು ವಿದ್ಯೆ ಬಿಟ್ಟರೆ ನನಗೆ ಬೇರೆ ಬರುವುದಿಲ್ಲ. ನಾನು ಹುಟ್ಟಿ ಬೆಳೆದ ಕ್ಯಾತನಹಳ್ಳಿಯ ಶಾಲೆಯ ಮೇಷ್ಟರು ಇದನ್ನು ಬಹಳ ಮುಂಚೆಯೇ ಕಂಡುಕೊಂಡಿದ್ದರು. ಆದರೂ ಈ ವಿದ್ಯೆಗೆ ದೂರದಲ್ಲಿ ಬೆಲೆಯಿತ್ತು. ಕೀನ್ಯಾದ ಒಂದು ಸಕ್ಕರೆ ಕಾರ್ಖಾನೆಗೆ ನಮ್ಮ ಕಡೆಯಿಂದ ಆಗಲೇ ಹೋಗಿದ್ದ ನಾಗಮಂಗಲದ ಫಿಟ್ಟರ್ ಕೆಂಚೇಗೌಡ ನನ್ನ ಹೆಸರು ಹೇಳಿದ. ಏಳೆಂಟು ವರ್ಷದ ಕೆಳಗೆ ನಾನೂ ನಿಂಗಮ್ಮನೂ ರಾಗಿ ಹಿಟ್ಟು, ಹುರುಳಿಕಾಳು, ಎರಡು ಕಂಬಳಿ ಕಟ್ಟಿಕೊಂಡು ವಿಮಾನ ಹತ್ತಿದೆವು. ಅಲ್ಲಿಯೂ ಸುತ್ತ ಕಬ್ಬೇ ಕಬ್ಬು. "ಇಷ್ಟು ದೂರ ಬಂದಿದ್ದು ಕ್ಯಾತನಳ್ಳಿಗಾ?" ಅಂತ ನಿಂಗಮ್ಮ ಕೇಳಿದಳು.

ಮಳೆ ಶುರುವಾದ ತಿಂಗಳು ಅವಳಿಗೆ ಚಳಿಜ್ವರ ಬಂತು. ಎರಡು ಕಂಬಳಿ ಹೊದಿಸಿದರೂ ಮಂಚ ಅಲುಗುತ್ತಿತ್ತು. ಕೆಂಚೇಗೌಡ ಕಾರ್ಖಾನೆಯ ಪಿಕಪ್ಪು ತಂದ. ಹತ್ತಿರವಿದ್ದದ್ದು ಸರ್ಕಾರಿ ಆಸ್ಪತ್ರೆ, ಅಲ್ಲಿಗೇ ಹೋದೆವು. ಮೆಟ್ಟಿಲು ಹತ್ತುವಾಗ ನಿಂಗಮ್ಮ ಎಡವಿದಳು. ಬಾಗಿಲಲ್ಲಿ ಕೂತಿದ್ದ ಕಾವಲಿನವನು ಎದ್ದು ನಿಂತು, ಬಹಳ ಗಂಭೀರವಾಗಿ, "ಪೋಲೆ, ಮಾಮ," ಅಂದ.

ನನಗೆ ರಕ್ತ ಕುದಿಯಿತು. ಕಾಯಿಲೆಯ ಹೆಂಗಸನ್ನು ಪೋಲಿ ಅನ್ನುವುದೇ? ನಮ್ಮ ಕಡೆ ಪೋಲಿ ಅಂದರೆ ಮೋರಿಯ ಕಟ್ಟೆ ಮೇಲೆ ಕೂತು ಶಾಲೆಗೆ ಹೋಗುವ ಹುಡುಗಿಯರನ್ನು ರೇಗಿಸುವವನು. ಹೋಗಲಿ, ಕೇಳಿಸಲಿಲ್ಲ ಅಂದುಕೊಳ್ಳೋಣವೆಂದರೆ ಒಳಗೆ ಜ್ವರ ನೋಡಿದ ನರ್ಸು ಕೂಡ "ಪೋಲೆ" ಅಂದಳು. ಕೈಗೆ ಬಟ್ಟೆ ಕಟ್ಟಿಸಿಕೊಂಡು ಬೆಂಚಿನಲ್ಲಿ ಕೂತಿದ್ದ ಒಬ್ಬ ಮುದುಕ ನಿಂಗಮ್ಮನನ್ನು ನೋಡಿ, ಆಮೇಲೆ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, "ಪೋಲೆ ಸಾನ, ಬಾಬಾ," ಅಂದ. ನಾನು ಇಸ್ತ್ರಿ ಮಾಡಿದ ಪ್ಯಾಂಟು ಹಾಕಿದ್ದೆ.

"ಏನಯ್ಯಾ ಕೆಂಚೇಗೌಡ, ಇವರೆಲ್ಲ ನಮ್ಮನ್ನ ಪೋಲಿಗಳು ಅಂತಾವ್ರಲ್ಲ?"

"ಸುಮ್ಕಿರಯ್ಯ. ಇವ್ರು ಎಲ್ರಿಗೂ ಅಂಗೇ ಅನ್ನೋದು. ಮೊನ್ನೆ ಕಾಲು ಉಳುಕ್ದಾಗ ನಂಗೂ ಅಂದ್ರು."

"ಕಾಲು ಉಳುಕಿದ್ರೆ ಪೋಲೀನಾ?"

"ನಂಗೇನ್ ಗೊತ್ತು? ಇವ್ರ ದೇಸ, ಇವ್ರ ಮಾತು."

ನಿಂಗಮ್ಮನಿಗೆ ಬೇರೆಯದೇ ಚಿಂತೆ. "ರೀ, ನನ್ನ ಯಾಕೆ ಮಾಮ ಅಂತಾರೆ? ನಾನೇನ್ ಗಂಡ್ಸಾ?" ಅಂತ ನಡುಗುವ ಹಲ್ಲಿನಲ್ಲೇ ಕೇಳಿದಳು. ಅಷ್ಟರಲ್ಲಿ ಡಾಕ್ಟರು ಬಂದರು. ನರ್ಸು ಅವರಿಗೆ ನಿಂಗಮ್ಮನನ್ನು ತೋರಿಸಿ, "ಹೋಮ ಕಾಲಿ," ಅಂದಳು. ನಾನೂ ಕೆಂಚೇಗೌಡನೂ ಮುಖ ಮುಖ ನೋಡಿಕೊಂಡೆವು. ನಿಂಗಮ್ಮ ಮಾತ್ರ ಕಣ್ಣು ತೆರೆದು, ಎಲ್ಲ ಅರ್ಥವಾದವಳ ಹಾಗೆ, "ನೋಡಿ, ಇವ್ರಿಗೂ ಗೊತ್ತಾಯ್ತು. ಊರು ಬುಡೋವಾಗ ಕಾಳಮ್ಮನ ಅರಕೆ ತೀರಿಸಿ ಅಂದೆ, ನೀವು ತೀರಿಸ್ನಿಲ್ಲ. ಈಗ ಓಮ ಮಾಡುಸ್ಬೇಕಂತೆ," ಅಂದಳು. ಮಾಮ ಅಂದರೆ ಅವರ ಮಾತಿನಲ್ಲಿ ಅಮ್ಮ, ಸಾನ ಅಂದರೆ ಬಹಳ, ಹೋಮ ಅಂದರೆ ಜ್ವರ, ಕಾಲಿ ಅಂದರೆ ಜೋರು ಎಂದು ಆಮೇಲೆ ತಿಳಿಯಿತು. ಡಾಕ್ಟರು ಇಂಗ್ಲಿಷಿನಲ್ಲಿ ಮಲೇರಿಯಾ ಅಂದರು. ಆ ಒಂದು ಶಬ್ದ ಮೂವರಿಗೂ ತಿಳಿಯಿತು. ಅರ್ಥವಾಗದೆ ಇದ್ದಾಗಲೇ ಧೈರ್ಯವಾಗಿದ್ದೆ.

ವಾರ್ಡಿನಲ್ಲಿ ಖಾಲಿ ಮಂಚ ಇರಲಿಲ್ಲ. ಒಬ್ಬಳು ಮುದುಕಿ ಮಲಗಿದ್ದ ಮಂಚದಲ್ಲೇ ನಿಂಗಮ್ಮನಿಗೂ ಜಾಗ ಕೊಟ್ಟರು, ಅವಳ ತಲೆ ಇತ್ತ, ಇವಳ ತಲೆ ಅತ್ತ. ಗಂಡನ ಮಾತು ಕೇಳಿ ಸಮುದ್ರ ದಾಟಿ ಬಂದವಳನ್ನು ಹೀಗೆ ಮಲಗಿಸಿದೆನಲ್ಲ, ಇವಳು ಇಲ್ಲೇ ಹೋಗಿಬಿಟ್ಟರೆ ಬೂಕನಕೆರೆಗೆ ಯಾವ ಮುಖ ಹೊತ್ತು ಹೋಗಲಿ ಅಂತ ಬಾಟಲಿಯ ಹನಿ ಬೀಳುವುದನ್ನೇ ನೋಡುತ್ತ ನಿಂತೆ. ಪಾಕವಾಗಿದ್ದರೆ ಬೆಳಕಿಗೆ ಹಿಡಿದು ಹೇಳುತ್ತಿದ್ದೆ. ಇದನ್ನು ಹೇಗೆ ನೋಡಬೇಕೋ ತಿಳಿಯಲಿಲ್ಲ. ಮುದುಕಿ ಮಾತ್ರ ತನ್ನ ಮುಖದ ಪಕ್ಕದಲ್ಲಿದ್ದ ನಿಂಗಮ್ಮನ ಪಾದ ಸವರುತ್ತ, "ಪೋಲೆ ಮಾಮ, ಪೋಲೆ ಸಾನ," ಅನ್ನುತ್ತಲೇ ಇದ್ದಳು. ನಿಂಗಮ್ಮ ಕಾಲು ಎಳೆದುಕೊಳ್ಳಲಿಲ್ಲ. ಮಧ್ಯಾಹ್ನ ಮುದುಕಿಯ ಮಗಳು ಫ್ಲಾಸ್ಕಿನಲ್ಲಿ ಏನೋ ತಂದು ಲೋಟಕ್ಕೆ ಬಗ್ಗಿಸಿದಳು. ಎರಡು ದಿನದಿಂದ ಗುಟುಕು ನೀರು ಕುಡಿಯದವಳು ತಲೆ ಎತ್ತಿದಳು. "ರೀ, ರಾಗಿ ಅಂಬ್ಲಿ!" ನನಗೆ ಜ್ವರ ತಲೆಗೇರಿದೆ ಅನ್ನಿಸಿತು. ಮೂಸಿ ನೋಡಿದರೆ ರಾಗಿಯೇ. ಸಕ್ಕರೆ ಹಾಕಿದ್ದರು, ಅದೊಂದೇ ಅಪಚಾರ. ಮುದುಕಿ ತನ್ನ ಪಾಲಿನ ಲೋಟವನ್ನು ಇವಳ ಕಡೆಗೆ ತಳ್ಳಿದಳು. ನಿಂಗಮ್ಮ ಪೂರ್ತಿ ಕುಡಿದಳು.

ಮಾರನೆಯ ದಿನ ಕಂಪನಿಗೆ ವಿಷಯ ತಿಳಿದು, ನಮ್ಮಂಥವರ ಮನೆಯವರನ್ನು ಪೇಟೆಯ ಪ್ರೈವೇಟ್ ಆಸ್ಪತ್ರೆಗೆ ಸೇರಿಸುವ ಪದ್ಧತಿಯಿದೆ, ಅಲ್ಲೇಕೆ ಹೋದಿರಿ ಎಂದು ಕಾರು ಕಳಿಸಿದರು. ನನಗೆ ಹೋದ ಜೀವ ಬಂತು. ಆ ಆಸ್ಪತ್ರೆಯ ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋದೆ. ಕಾವಲಿನವನು ಅವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹಿಂದೆಯೇ ಬಂದು, ಸಾರ್ ಅಂತ ಕೊಟ್ಟ. ನಿಂಗಮ್ಮನಿಗೆ ಒಂದು ಕೋಣೆ, ಗುಂಡಿ ಒತ್ತಿದರೆ ಏಳುವ ಮಂಚ, ಹೂವಿನ ಕುಂಡ. ಡಾಕ್ಟರು ನಮ್ಮ ದೇಶದ ಕಡೆಯವರೇ, ಗುಜರಾತಿನವರು. ನಮ್ಮನ್ನು ನೋಡಿ ಬಹಳ ಪ್ರೀತಿಯಿಂದ ಹಿಂದಿಯಲ್ಲಿ ಮಾತಾಡಿದರು. ನಮಗೆ ಬರುತ್ತಿದ್ದದ್ದು ಅಚ್ಛಾ ಒಂದೇ. ಎಲ್ಲಿ ನೋವು ಅಂದರೂ ಅಚ್ಛಾ, ಹಸಿವಿದೆಯೇ ಅಂದರೂ ಅಚ್ಛಾ. ಮತ್ತೆ ರಕ್ತ ತೆಗೆದರು, ಮತ್ತೆ ಮಲೇರಿಯಾ ಅಂದರು, ಅದೇ ಬಾಟಲಿ ಏರಿಸಿದರು. ಊಟಕ್ಕೆ ಸುಟ್ಟ ಬ್ರೆಡ್ಡು, ಜಾಮು. ಬಾಗಿಲು ತಟ್ಟದೆ ಯಾರೂ ಒಳಗೆ ಬರುತ್ತಿರಲಿಲ್ಲ. ತಟ್ಟುವವರೂ ಹೆಚ್ಚಿರಲಿಲ್ಲ.

ಸಂಜೆ ನೋಡಿದರೆ ನಿಂಗಮ್ಮನ ಕಣ್ಣಲ್ಲಿ ನೀರು. ನೋವಾ ಅಂದೆ. ಇಲ್ಲವೆಂದು ತಲೆ ಆಡಿಸಿದಳು.

"ಮತ್ತೇನು?"

"ಇಲ್ಲಿ ಯಾರೂ ನಂಗೆ ಪೋಲಿ ಅನ್ನಾಕಿಲ್ಲ."

ನಾನು ಕೆಳಗೆ ಹೋಗಿ ಕಾರಿನ ಡ್ರೈವರನ್ನು ಕೇಳಿದೆ. ಅವನಿಗೆ ಇಂಗ್ಲಿಷು ಬರುತ್ತಿತ್ತು, ನನ್ನ ಇಂಗ್ಲಿಷಿಗೆ ಅವನದು ಹೊಂದುತ್ತಿತ್ತು. ಪೋಲೆ ಅಂದರೆ ಏನು? ಅವನು ಸ್ವಲ್ಪ ಯೋಚಿಸಿ, ಸಾರಿ ಅಂದ ಹಾಗೆ ಅಂದ. ಅವರು ನಮಗೆ ಏನು ಮಾಡಿದರು ಅಂತ ಸಾರಿ? ಏನೂ ಮಾಡಿಲ್ಲ, ನಿಮಗೆ ನೋವಾಗಿದೆಯಲ್ಲ, ಅದಕ್ಕೆ, ಅಂದ. ನನಗೆ ಇನ್ನಷ್ಟು ಗೊಂದಲವಾಯಿತು. ನಮ್ಮಲ್ಲಿ ಕಾಲು ತುಳಿದವನು ಸಾರಿ ಅನ್ನುತ್ತಾನೆ, ಅದೂ ಮನಸ್ಸಿದ್ದರೆ. ತುಳಿಸಿಕೊಂಡವನನ್ನು ದೂರದಿಂದ ನೋಡಿದವನು ಯಾಕೆ ಅನ್ನಬೇಕು? ಯಾಕೆ ಅನ್ನಬಾರದು ಅಂತ ಡ್ರೈವರು ಕೇಳಿದ. ಮೇಲೆ ಬಂದು ನಿಂಗಮ್ಮನ ಪಾದದ ಹತ್ತಿರ ಕೂತು, ಬಾಗಿಲು ಮುಚ್ಚಿದೆಯೇ ಅಂತ ಎರಡು ಸಲ ನೋಡಿ, "ಪೋಲೆ" ಅಂದೆ. ಅವಳು ನಕ್ಕಳು. ನಾಲ್ಕು ದಿನಕ್ಕೆ ಜ್ವರ ಇಳಿಯಿತು. ಅರ್ಧ ಬಾಟಲಿ ಸರ್ಕಾರಿಯದು, ಅರ್ಧ ಪ್ರೈವೇಟಿನದು. ಯಾವುದರಿಂದ ವಾಸಿಯಾಯಿತು ಅಂದರೆ ಈಗಲೂ ನಾನು ಹೂಂ ಅನ್ನುವವನೇ. ಅವಳನ್ನು ಕೇಳಿದರೆ ಅಂಬಲಿ ಅನ್ನುತ್ತಿದ್ದಳು.

ಕೆಲಸದ ಅವಧಿ ಮುಗಿಸಿ ನಾವು ಊರಿಗೆ ಬಂದೆವು, ಕೆಂಚೇಗೌಡ ಅಲ್ಲೇ ಉಳಿದ. ಬರುವಾಗ ನಾನು ಒಂದು ರೇಡಿಯೋ ತಂದೆ, ನಿಂಗಮ್ಮ ಆ ಮಾತು ತಂದಳು. ರೇಡಿಯೋ ಬೇಗ ಕೆಟ್ಟಿತು. ಪಕ್ಕದ ಮನೆಯವಳ ಕೈ ಸುಟ್ಟರೆ ಪೋಲೆ, ಹಸು ಗಬ್ಬ ನಿಲ್ಲದಿದ್ದರೆ ಹಸುವಿಗೂ ಪೋಲೆ. ಒಮ್ಮೆ ಕೆ.ಆರ್.ಪೇಟೆಯ ಬಸ್ಸಿನಲ್ಲಿ ಮೀಸೆಯ ಗೌಡರೊಬ್ಬರು ಹತ್ತುವಾಗ ಕಂಬಿಗೆ ತಲೆ ಹೊಡೆಸಿಕೊಂಡರು. ಇವಳು ಮರುಗಿ, "ಪೋಲೆ ಸಾನ," ಅಂದಳು. "ಯಾರಮ್ಮೋ ಪೋಲಿ? ವಯಸ್ಸಿಗೆ ಮರ್ವಾದೆ ಬ್ಯಾಡ್ವಾ?" ಅಂತ ಅವರು ಬಸ್ಸು ನಿಲ್ಲಿಸಿದರು. ಜೊತೆಗಿದ್ದ ಭಾವಮೈದ ಕೈ ಮುಗಿದು ಸಮಾಧಾನ ಮಾಡಿದ. ನಾನು ಕಿಟಕಿಯಿಂದ ಹೊರಗೆ ಕಬ್ಬಿನ ಬೆಳೆ ಹೇಗಿದೆ ಅಂತ ನೋಡುತ್ತಿದ್ದೆ. "ಬಾವ, ಅಷ್ಟು ದೂರ ಕರ್ಕೊಂಡೋಗಿ ನಮ್ಮಕ್ಕುಂಗೆ ಬಯ್ಯೋದಾ ಕಲ್ಸಿದ್ದು?" ಅಂತ ಇಳಿದ ಮೇಲೆ ಕೇಳಿದ.

ಅವಳು ಹೋದ ಮೇಲೆ ಮನೆ ತುಂಬ ಜನ ಬಂದರು ಅಂದೆನಲ್ಲ, ಒಳ್ಳೆಯ ಜನ. ಪಾತ್ರೆ ತೊಳೆದರು, ನನಗೆ ಉಣ್ಣಿಸಿದರು, ಆಸ್ಪತ್ರೆಗಳ ತಪ್ಪು ಹುಡುಕಿದರು. ನಾನು ಕಾಯುತ್ತಿದ್ದದ್ದು ಅವಳ ಆ ಒಂದು ಮಾತಿಗೆ. ಅದನ್ನು ಅನ್ನುತ್ತಿದ್ದವಳು ಒಬ್ಬಳೇ, ಅವಳೇ ಇರಲಿಲ್ಲ. ನನಗೆ ಅಳುವೂ ಬರಲಿಲ್ಲ. ಅದಕ್ಕೂ ಜನ ಏನೋ ಅಂದುಕೊಂಡಿರಬೇಕು.

ಈಚೆಗೆ ಕೆಂಚೇಗೌಡನ ತಾಯಿ ಹೋದ ಸುದ್ದಿ ಬಂತು. ತಾಯಿಗೆ ಕೈಲಾಗದೆಂದು ಅವನು ಎರಡು ತಿಂಗಳ ಹಿಂದೆ ಕೀನ್ಯಾ ಬಿಟ್ಟು ಬಂದಿದ್ದ, ಅವರನ್ನು ಬಿಟ್ಟು ಅಲ್ಲಾಡಲಾಗದೆ ನನ್ನನ್ನು ನೋಡಲು ಬಂದಿರಲಿಲ್ಲ. ಅವನಿಗೆ ಏನು ಹೇಳಬೇಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅಲ್ಲಿಗೆ ಬರುವ ಬೇರೆ ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಅಂತ ಸ್ವಲ್ಪ ಜಂಬವೂ ಇತ್ತು. ನಾಗಮಂಗಲದ ಬಸ್ಸಿನಲ್ಲಿ ಕೂತು, ನಾಲಿಗೆ ತಪ್ಪದಿರಲೆಂದು "ಪೋಲೆ ಸಾನ, ಪೋಲೆ ಸಾನ" ಅಂತ ಬಾಯಿಪಾಠ ಮಾಡಿದೆ. ಪಕ್ಕದಲ್ಲಿದ್ದ ಹೆಂಗಸು ನನ್ನನ್ನು ಒಮ್ಮೆ ನೋಡಿ, ಎದ್ದು ಮುಂದಿನ ಸೀಟಿಗೆ ಹೋದಳು.

ಕೆಂಚೇಗೌಡ ತಲೆ ಬೋಳಿಸಿಕೊಂಡು ಜಗುಲಿಯಲ್ಲಿ ಕೂತಿದ್ದ. ಸುತ್ತ ನೆಂಟರು. ನಾನು ಚಪ್ಪಲಿ ಬಿಟ್ಟು, ಅವನ ಕೈ ಹಿಡಿದು, ಬಾಯಿ ತೆರೆದೆ.

"ಯಾವಾಸ್ಪತ್ರೆಗೆ ಹಾಕಿದ್ದೆ? ಸರ್ಕಾರಿಗೋ, ಪ್ರೈವೇಟಿಗೋ?"

"ಎಲ್ಲಿಗೂ ಇಲ್ಲ ಕಣಯ್ಯ. ತೊಂಬತ್ತು ದಾಟಿತ್ತು. ಉಂಡು ಮಲಗ್ದೋಳು ಬೆಳಗ್ಗೆ ಏಳ್ನಿಲ್ಲ."

"ಅಯ್ಯೋ, ಒಂದ್ಸಲ ಮೈಸೂರಿಗಾದರೂ ಕರ್ಕೊಂಡೋಗಿ ತೋರಿಸಬಾರದಾಗಿತ್ತಾ?"

ಅಂದದ್ದು ನಾನೇ. ದನಿಯೂ ನನ್ನದೇ. ಕೆಂಚೇಗೌಡ ನನ್ನ ಮುಖವನ್ನೇ ನೋಡಿದ. ಆಮೇಲೆ ನನ್ನ ಮಂಡಿಯ ಮೇಲೆ ಕೈಯಿಟ್ಟ.

"ನಿಂಗಮ್ಮನ ಸುದ್ದಿ ತಿಳೀತು. ಬರಕ್ಕಾಗ್ನಿಲ್ಲ. ಪೋಲೆ ಕಣಯ್ಯ. ಪೋಲೆ ಸಾನ."

ನಾನು ಅತ್ತೆ. ಅವನ ತಾಯಿಯ ಸಾವಿಗೆ ಬಂದವನು, ಅವನಿಗಿಂತ ಜೋರಾಗಿ ಅತ್ತೆ. ಕಂಬಕ್ಕೊರಗಿ ಕೂತಿದ್ದ ಅವನ ಸೋದರತ್ತೆ ಗದರಿಸಿದರು. "ಲೇ ಕೆಂಚ, ಮನೆಗೆ ಬಂದೋರ್ನ ಪೋಲಿ ಗೀಲಿ ಅಂತ ಬಯ್ತಾರೇನ್ಲಾ? ನೋಡು, ಎಂಗ್ ಅಳ್ತಾವ್ರೆ ಪಾಪ."

"ಅನ್ಲಿ ಬುಡಿ ತಾಯಿ," ಅಂದೆ. "ನಮ್ಮೂರಲ್ಲಿ ಯಾರೂ ಅನ್ನಾಕಿಲ್ಲ."

ವಾಪಸು ಬಸ್ಸು ಅರ್ಧ ದಾರಿ ಬಂದ ಮೇಲೆ ನೆನಪಾಯಿತು. ಅವನಿಗೆ ಹೇಳಲು ಹೋದದ್ದನ್ನು ಹೇಳಿಸಿಕೊಂಡು ಬಂದಿದ್ದೆ, ನಾನು ಹೇಳಿಯೇ ಇರಲಿಲ್ಲ. ಆದದ್ದಾಗಲಿ ಅಂತ ಕೂತಲ್ಲಿಂದಲೇ, ನಾಗಮಂಗಲದ ಕಡೆಗೆ ಮುಖ ಮಾಡಿ, ಗಟ್ಟಿಯಾಗಿ "ಪೋಲೆ ಸಾನ" ಅಂದುಬಿಟ್ಟೆ. ಹಿಂದಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು ಹುಬ್ಬು ಗಂಟು ಹಾಕಿಕೊಂಡು ನನ್ನ ಕಡೆಗೆ ಬಂದ.

"ನಿನಗಲ್ಲ ಕಣಪ್ಪ," ಅಂದೆ.